ಲಿಲಾವಿನ ಗಾಡಿಯನ್ನು ಅರಸುತ್ತ ಕೊಪ್ಪಳ ಸೀಮೆಯಲ್ಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ 1997ರ ಆಗಸ್ಟ್ 24ರಂದು ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ತರುವಾಯ ಇವುಗಳ ಒಡಲಿನಿಂದಲೇ ಕಾರಟಗಿ, ಕನಕಗಿರಿ, ಕುಕನೂರು ತಾಲೂಕುಗಳು ಹುಟ್ಟಿಕೊಂಡವು. ಜಿಲ್ಲೆ ಒಂದೇ ಆದರೂ ನೆಲ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಕಡೆಗೆ ಹೋದರೆ ಕಣ್ಣು ಹರಿದಷ್ಟು ದೂರವೂ ಭತ್ತದ ಗದ್ದೆ, ನಡುನಡುವೆ ಅಕ್ಕಿ ಗಿರಣಿಗಳು. ಯಲಬುರ್ಗಾ, ಕುಷ್ಟಗಿಗಳ ಕಡೆಗೆ ತಿರುಗಿದರೆ ಮಳೆಯನ್ನೇ ನಂಬಿ ಕುಳಿತ ಹೊಲಗಳು, ಜೋಳ, ಕಡಲೆ, ಶೇಂಗಾ. ಆದರೆ ನಾಲ್ಕೂ ಕಡೆಯ ಮನೆಗಳಲ್ಲಿ ಒಂದು ಆಸೆ ಸಮಾನವಾಗಿದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೋಗುವಂಥ ಒಂದು ದೊಡ್ಡ ಗಾಡಿ ಬೇಕು ಎಂಬುದೇ ಅದು. ಜಾಹೀರಾತುಗಳಲ್ಲಿ ಅದನ್ನು ಎಸ್‌ಯುವಿ ಎನ್ನುತ್ತಾರೆ. ನಮ್ಮವರಿಗೆ ಅದು ಸುಮೋ, ಬೊಲೆರೋ, ಸ್ಕಾರ್ಪಿಯೋ, ಕ್ರೂಸರ್. ಹೆಸರಿನ ಗೊಡವೆಗೆ ಹೋಗದ ಅಜ್ಜಿಯರಿಗೆ ಎಲ್ಲವೂ 'ಜೀಪು'.

ಪುಷ್ಯ ಮಾಸದಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಗೆ ಕೊಪ್ಪಳಕ್ಕೆ ಬಂದವರಿಗೆ ಈ ಆಸೆಯ ಬೇರು ಎಲ್ಲಿದೆಯೆಂಬುದು ಸುಲಭವಾಗಿ ತಿಳಿಯುತ್ತದೆ. ಮಹಾದಾಸೋಹಕ್ಕೆಂದು ಹಳ್ಳಿಹಳ್ಳಿಗಳಿಂದ ರೊಟ್ಟಿಯ ಗಂಟುಗಳು ಬರುತ್ತವೆ. ಗಂಟಿನ ಜೊತೆಗೆ ಮನೆಯವರೂ ಬರುತ್ತಾರೆ. ಹಿಂದೆ ಚಕ್ಕಡಿ ಹೂಡುತ್ತಿದ್ದ ಮನೆಗಳಲ್ಲಿ ಇಂದು ಟ್ರ್ಯಾಕ್ಟರೋ ಜೀಪೋ ನಿಂತಿದೆ. ಕೂಡಲಸಂಗಮಕ್ಕೆ ಹೋಗುವುದಿರಲಿ, ಉಳವಿಗೆ ಹೋಗುವುದಿರಲಿ, ಬೀಗರ ಊರಿನ ತೊಟ್ಟಿಲು ಕಾರ್ಯಕ್ಕೆ ಹೋಗುವುದಿರಲಿ, ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಸೊಸೆಯನ್ನು ಜಿಲ್ಲಾ ಆಸ್ಪತ್ರೆಗೆ ಒಯ್ಯುವುದಿರಲಿ, ಒಂಬತ್ತು ಹತ್ತು ಮಂದಿಯ ಕೂಡು ಕುಟುಂಬಕ್ಕೆ ಸಣ್ಣ ಕಾರು ಸಾಲದು. ಕುಷ್ಟಗಿಗೆ ರೈಲು ಬಂದದ್ದೇ 2025ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಭಾಗದ ಜನಕ್ಕೆ ಬಸ್ಸು ಬಿಟ್ಟರೆ ಜೀಪೇ ಗತಿಯಾಗಿತ್ತು.

ನಮ್ಮ ಅಕ್ಕನವರನ್ನು ಕೊಟ್ಟ ಮನೆ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿದೆ. ಹಿರಿಯರು, ಭಾವನವರು, ಅವರ ತಮ್ಮನ ಸಂಸಾರ, ಮಕ್ಕಳು ಎಲ್ಲ ಸೇರಿ ಒಂಬತ್ತು ಮಂದಿ. ಮನೆಯಲ್ಲಿದ್ದದ್ದು 2006ರಲ್ಲಿ ಕೊಂಡ ಸುಮೋ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರಲ್ಲಿ ಒಮ್ಮೆ ನವೀಕರಣವಾದ ಆ ಸುಮೋದ ಅವಧಿ ಮತ್ತೆ ತೀರುತ್ತ ಬಂದಿತ್ತು. ಇಪ್ಪತ್ತು ವರ್ಷ ದಾಟಿದ ಲಘು ವಾಹನಗಳ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರವು 2025ರ ಆಗಸ್ಟ್‌ನಲ್ಲಿ 5,000 ರೂಪಾಯಿಗಳಿಂದ 10,000 ರೂಪಾಯಿಗಳಿಗೆ ಏರಿಸಿದೆ. ಶುಲ್ಕ ಕಟ್ಟಿದರೂ ತುಕ್ಕು ಹಿಡಿದ ತಳಕ್ಕೆ ಯಾರೂ ಆಯುಷ್ಯ ಕೊಡಲಾರರು. ಅಂಥ ಹೊತ್ತಿನಲ್ಲಿ ಸೋದರಳಿಯನು ಮೊಬೈಲಿನಲ್ಲಿ ಒಂದು ಲಿಲಾವಿನ ಪಟ್ಟಿಯನ್ನು ತೋರಿಸಿದನು. ನಾಲ್ಕೇ ವರ್ಷದ ಬೊಲೆರೋ, ಪೇಟೆಯ ಬೆಲೆಯ ಅರ್ಧಕ್ಕಿಂತಲೂ ಕಡಿಮೆ. ಭಾವನವರು ನನ್ನನ್ನು ಕರೆದು, "ನೀವೂ ಜೋಡಿ ಬರ್ರಿ, ನಾಲ್ಕು ಕಡೆ ವಿಚಾರ ಮಾಡಿಕೊಂಡು ಬರೋಣು" ಎಂದರು. ಹೀಗೆ ಬಿಡುವಾದ ದಿನಗಳಲ್ಲಿ ನಾವಿಬ್ಬರೂ ನಾಲ್ಕು ತಾಲೂಕುಗಳ ಗ್ಯಾರೇಜು, ಕಚೇರಿ, ಠಾಣೆಗಳನ್ನು ಸುತ್ತುವಂತಾಯಿತು.

ವಿಚಾರ ಮೊದಲಾದದ್ದು ಕೊಪ್ಪಳದಲ್ಲಿಯೇ. ಲಿಲಾವಿಗೆ ಬರುವ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ ಎಂಬುದು ಅಲ್ಲಿ ತಿಳಿದ ಮೊದಲ ಸಂಗತಿ. ನಮ್ಮ ಜನ ಎಲ್ಲವನ್ನೂ 'ಲಿಲಾವಿನ ಗಾಡಿ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವಾಸ್ತವವಾಗಿ ಆ ಗಾಡಿ ಯಾವ ಬಾಗಿಲಿನಿಂದ ಲಿಲಾವಿಗೆ ಬಂದಿತು ಎಂಬುದರ ಮೇಲೆಯೇ ಅದರ ಗುಣದೋಷಗಳು ನಿಂತಿವೆ.

ಯಾವ ಊರಿನ ಪೊಲೀಸ್ ಠಾಣೆಯ ಹಿತ್ತಲನ್ನು ಬೇಕಾದರೂ ನೋಡಬಹುದು. ಬೇವಿನ ಮರದ ಕೆಳಗೆ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ನಿಂತ ಜೀಪು, ಟಂಟಂ, ಮೋಟಾರು ಸೈಕಲ್ಲುಗಳು ಅಲ್ಲಿರುತ್ತವೆ. ಕೆಲವುಗಳ ಇಂಜಿನ್ನಿನ ನಡುವಿನಿಂದ ಜಾಲಿಯ ಗಿಡ ಮೇಲೆದ್ದಿರುತ್ತದೆ. ಇವು ಮೊಕದ್ದಮೆಯ ಮುದ್ದೆಮಾಲು. ಇಂಥ ವಾಹನಗಳನ್ನು ವರ್ಷಾನುಗಟ್ಟಲೆ ಠಾಣೆಗಳಲ್ಲಿ ಕೊಳೆಯಲು ಬಿಡಬಾರದು, ತಕ್ಕ ಮುಚ್ಚಳಿಕೆ ಬರೆಸಿಕೊಂಡು ಮಾಲೀಕನಿಗೆ ಬಿಟ್ಟುಕೊಡಬೇಕು, ಯಾರೂ ಹಕ್ಕು ಹೇಳದಿದ್ದರೆ ನ್ಯಾಯಾಲಯದ ಅಪ್ಪಣೆಯಂತೆ ಹರಾಜು ಹಾಕಬೇಕು ಎಂದು ಸುಪ್ರೀಂ ಕೋರ್ಟು ಗುಜರಾತ್ ರಾಜ್ಯದ ಸುಂದರಭಾಯಿ ಅಂಬಾಲಾಲ ದೇಸಾಯಿ ಪ್ರಕರಣದಲ್ಲಿ 2002ರಲ್ಲಿಯೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಫೋಟೋ, ವಿಡಿಯೋ ತೆಗೆದಿರಿಸಿಕೊಂಡು ಜಪ್ತಿ ಮಾಲನ್ನು ಬೇಗ ವಿಲೇವಾರಿ ಮಾಡಬೇಕೆನ್ನುತ್ತದೆ. ಅಬಕಾರಿ ಇಲಾಖೆಯೂ 1965ರ ಕಾಯಿದೆಯ ಬಲದಿಂದ ಮುಟ್ಟುಗೋಲು ಹಾಕಿಕೊಂಡ ಗಾಡಿಗಳನ್ನು ಬಹಿರಂಗ ಹರಾಜಿನಲ್ಲಿ ಮಾರುತ್ತದೆ. ಇವುಗಳ ಕಾಗದ ಸರಕಾರದ ಕೈಯಿಂದಲೇ ಬರುವುದರಿಂದ ಮೋಸದ ಭಯ ಕಡಿಮೆ. ಆದರೆ ಗಾಡಿ ಎಷ್ಟು ಮಳೆಗಾಲ ನಿಂತಲ್ಲಿಯೇ ನಿಂತಿದೆ ಎಂಬುದನ್ನು ಕೇಳಿಕೊಳ್ಳಬೇಕು. ನಿಂತ ಗಾಡಿಯ ಟೈರು, ಬ್ಯಾಟರಿ, ಬ್ರೇಕು, ರಬ್ಬರಿನ ಕೊಳವೆಗಳು ಓಡಿದ ಗಾಡಿಗಿಂತ ಬೇಗ ಹಾಳಾಗುತ್ತವೆ. ವೈರುಗಳನ್ನು ಇಲಿ ಕಡಿದಿರುತ್ತದೆ.

ಹಿಂದೆ ಸರಕಾರಿ ಕಚೇರಿಗಳ ಹಳೆಯ ಜೀಪುಗಳೂ ಲಿಲಾವಿಗೆ ಬರುತ್ತಿದ್ದವು. ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ಗಾಡಿ ಯಾವುದೋ ಇಲಾಖೆಯ ಮುದಿ ಜೀಪೇ ಆಗಿತ್ತು. ಆ ಕಾಲ ಮುಗಿದಿದೆ. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಈಗಲೂ ಯಾರಾದರೂ 'ಸರಕಾರಿ ಜೀಪು ಕೊಡಿಸುತ್ತೇನೆ' ಎಂದು ಈಸಾರ ಕೇಳಿದರೆ ಅಂಥವರಿಂದ ದೂರ ಇರುವುದೇ ಲೇಸು.

ಉಳಿದವು ಎರಡು ಬಗೆ. ಸಾಲದ ಕಂತು ಕಟ್ಟದ್ದಕ್ಕೆ ಬ್ಯಾಂಕು ಅಥವಾ ಫೈನಾನ್ಸಿನವರು ಜಪ್ತು ಮಾಡಿ ತಂದ ಗಾಡಿ ಒಂದು. ಅಪಘಾತದಲ್ಲೋ ನೆರೆಯಲ್ಲೋ ಕೆಟ್ಟು, ವಿಮಾ ಕಂಪನಿ 'ಇದನ್ನು ರಿಪೇರಿ ಮಾಡಿಸುವುದು ಲಾಭವಿಲ್ಲ' ಎಂದು ಕೈಬಿಟ್ಟ ಗಾಡಿ ಇನ್ನೊಂದು. ಅಳಿಯನು ತೋರಿಸಿದ ಬೊಲೆರೋ ಈ ಎರಡನೆಯ ಬಗೆಯದಾಗಿತ್ತು. ಅದರ ಒಳಹೊರಗನ್ನು ತಿಳಿಯಲು ನಾವು ಗಂಗಾವತಿಗೆ ಹೋದೆವು.

ಗಂಗಾವತಿಯು ಭತ್ತದಿಂದ ಬೆಳೆದ ಊರು. ಗಿರಣಿಗಳಿರುವಲ್ಲಿ ಲಾರಿಗಳು, ಲಾರಿಗಳಿರುವಲ್ಲಿ ಗ್ಯಾರೇಜುಗಳು. ಊರ ಹೊರಗಿನ ರಸ್ತೆಗಳುದ್ದಕ್ಕೂ ಟಿಂಕರಿಂಗ್, ವೆಲ್ಡಿಂಗ್, ಲೇತು, ಬಣ್ಣದ ಅಂಗಡಿಗಳ ಸಾಲೇ ಇದೆ. ಅಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿಗಳಿದ್ದಾರೆ. ಅಪಘಾತದ ಗಾಡಿಗಳನ್ನು ನೆಟ್ಟಗೆ ಮಾಡುವುದರಲ್ಲಿಯೇ ಅವರ ಆಯುಷ್ಯ ಕಳೆದಿದೆ. ಮೊಬೈಲಿನ ಚಿತ್ರಗಳನ್ನು ನೋಡಿ ಅವರು ಬೆಲೆಯನ್ನು ಕೇಳಲಿಲ್ಲ, ಗಾಡಿಯ ವಯಸ್ಸನ್ನು ಕೇಳಿದರು. ಅದೇಕೆ ಎಂಬುದು ಸ್ವಲ್ಪ ಲೆಕ್ಕ ಹಾಕಿದಾಗ ನಮಗೆ ಅರ್ಥವಾಯಿತು. ಗಾಡಿ ಕೊಳ್ಳುವ ಪ್ರತಿಯೊಂದು ಮನೆಯವರೂ ಈ ಲೆಕ್ಕವನ್ನು ಅರಿಯುವುದು ಒಳಿತೆಂದು ಇಲ್ಲಿ ವಿವರಿಸುತ್ತೇನೆ.

ವಿಮೆ ಮಾಡಿಸುವಾಗ ಗಾಡಿಗೆ ಒಂದು ಬೆಲೆಯನ್ನು ನಿಗದಿಪಡಿಸುತ್ತಾರೆ. ಐಡಿವಿ ಎಂದು ಪಾಲಿಸಿಯಲ್ಲಿ ಬರೆದಿರುವುದು ಅದನ್ನೇ. ಕಂಪನಿಯ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ಹಾಕುತ್ತಾರೆ. ಒಂದು ವರ್ಷ ದಾಟಿದರೆ ಶೇಕಡಾ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50. ರಿಪೇರಿಯ ಒಟ್ಟು ಖರ್ಚು ಈ ಬೆಲೆಯ ಶೇಕಡಾ 75ನ್ನು ಮೀರಿತೆಂದರೆ ಅದನ್ನು 'ಟೋಟಲ್ ಲಾಸ್' ಎಂದು ತೀರ್ಮಾನಿಸುವರು. ಹತ್ತು ಲಕ್ಷದ ಗಾಡಿಯನ್ನೇ ಹಿಡಿಯೋಣ. ಒಂದೂವರೆ ವರ್ಷದಲ್ಲಿ ಅದರ ವಿಮಾ ಬೆಲೆ 8 ಲಕ್ಷ. ಅದು ಟೋಟಲ್ ಲಾಸ್ ಆಗಬೇಕಾದರೆ 6 ಲಕ್ಷಕ್ಕೂ ಮೇಲ್ಪಟ್ಟು ಪೆಟ್ಟು ಬಿದ್ದಿರಬೇಕು. ಅಂದರೆ ಆ ಗಾಡಿ ನಿಜಕ್ಕೂ ನುಚ್ಚುನೂರಾಗಿದೆ. ಅದೇ ಗಾಡಿ ನಾಲ್ಕೂವರೆ ವರ್ಷದ್ದಾದರೆ ವಿಮಾ ಬೆಲೆ 5 ಲಕ್ಷ. ಮೂರು ಮುಕ್ಕಾಲು ಲಕ್ಷ ದಾಟಿದ ರಿಪೇರಿಗೇ ಅದನ್ನು ಕೈಬಿಡುತ್ತಾರೆ. ಷೋರೂಮಿನ ದರದಲ್ಲಿ ಹೊಸ ಬಾಗಿಲು, ಬಾನೆಟ್ಟು, ರೇಡಿಯೇಟರು, ದೀಪಗಳು, ಕೂಲಿ ಎಲ್ಲ ಸೇರಿದರೆ ಅಷ್ಟು ಹಣ ಆಗಿಬಿಡುವುದುಂಟು, ಒಳಗಿನ ಎಲುಬು ಗಟ್ಟಿಯಾಗಿಯೇ ಉಳಿದಿರಬಹುದು. ಟೋಟಲ್ ಲಾಸ್ ಆದ ಗಾಡಿ ಹೊಸದಾದಷ್ಟೂ ಒಳ್ಳೆಯದು ಎಂದು ನಮ್ಮವರು ತಿಳಿಯುವುದು ತಲೆಕೆಳಗಾದ ಲೆಕ್ಕ. ಹೊಸದಾದಷ್ಟೂ ಅದಕ್ಕೆ ಬಿದ್ದ ಪೆಟ್ಟು ದೊಡ್ಡದು.

"ಅಣ್ಣಾರ, ಬಣ್ಣ ನೋಡಬ್ಯಾಡ್ರಿ, ಬೋಲ್ಟು ನೋಡ್ರಿ" ಎಂದರು ಮೇಸ್ತ್ರಿಗಳು. ಬಾನೆಟ್ಟು, ಬಾಗಿಲು, ಮಡ್‌ಗಾರ್ಡುಗಳ ಬೋಲ್ಟಿನ ತಲೆಯ ಮೇಲೆ ಕಂಪನಿಯ ಬಣ್ಣ ಒಡೆದಿದ್ದರೆ ಪಾನಾ ಬಿದ್ದಿದೆ ಎಂದು ಅರ್ಥ. ಬೊಲೆರೋ, ಸ್ಕಾರ್ಪಿಯೋ, ಸುಮೋ, ಇನ್ನೋವಾಗಳು ಏಣಿಯಂಥ ಚಾಸಿಯ ಮೇಲೆ ಬಾಡಿಯನ್ನು ಕೂರಿಸಿದ ಗಾಡಿಗಳು. ಅವುಗಳ ತಳಕ್ಕೆ ಹೊಕ್ಕು ನೋಡಿದರೆ ಚಾಸಿ ಬಾಗಿದೆಯೋ, ಕಾಸಿ ನೆಟ್ಟಗೆ ಮಾಡಿದ್ದಾರೆಯೋ, ಹೊಸ ವೆಲ್ಡಿಂಗ್ ಇದೆಯೋ ತಿಳಿಯುತ್ತದೆ. ಬಾಡಿಯೇ ಚಾಸಿಯಾಗಿರುವ ಬ್ರೆಜಾ, ಕ್ರೆಟಾ, ಎರ್ಟಿಗಾಗಳಂಥ ಗಾಡಿಗಳು ಮುಂದಿನ ಕಂಬಗಳ ಹತ್ತಿರ ಬಾಗಿದ್ದರೆ ನಮ್ಮ ಕಡೆಯ ಸುತ್ತಿಗೆ ಬೆಂಕಿಗಳಿಂದ ಅವನ್ನು ಮೊದಲಿನಂತೆ ಮಾಡುವುದು ಆಗದ ಮಾತು. ನೋಡಲು ನೆಟ್ಟಗಾಗುತ್ತದೆ, ಆದರೆ ಮತ್ತೊಂದು ಪೆಟ್ಟು ಬಿದ್ದಾಗ ಅದು ಮಡಚಿಕೊಳ್ಳುವ ರೀತಿ ಬೇರೆಯಾಗಿರುತ್ತದೆ. ಮೇಸ್ತ್ರಿಗಳು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅದು ಅವರ ಕಸುಬಿಗೇ ನಷ್ಟ ತರುವ ಮಾತು, ಆದುದರಿಂದಲೇ ನನಗೆ ಅದರಲ್ಲಿ ನಂಬಿಕೆ ಹುಟ್ಟಿತು.

ಅವರು ತೋರಿಸಿದ ಇನ್ನೊಂದು ಸಂಗತಿ ತಾಯಂದಿರು ಅವಶ್ಯವಾಗಿ ತಿಳಿದಿರಬೇಕಾದದ್ದು. 2019ರ ಜುಲೈಯಿಂದ ಚಾಲಕನ ಗಾಳಿಚೀಲ, ಅಂದರೆ ಏರ್‌ಬ್ಯಾಗು, ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಚೀಲವನ್ನು ಮಡಚಿ ಮತ್ತೆ ಒಳಗಿಡಲಾಗದು, ಹೊಸದನ್ನೇ ಹಾಕಬೇಕು. ಅದರ ಬೆಲೆ ಹೆಚ್ಚಾದುದರಿಂದ ಕೆಲವರು ಹರಿದ ಮುಚ್ಚಳವನ್ನು ಅಂಟಿಸಿ, ಎಚ್ಚರಿಕೆಯ ದೀಪದ ವೈರನ್ನು ಕತ್ತರಿಸಿಬಿಡುತ್ತಾರೆ. ಚಾವಿ ತಿರುಗಿಸಿದಾಗ ಆ ದೀಪವು ಮೊದಲು ಹೊತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತಿಯೇ ಇದ್ದರೆ ದೋಷವಿದೆ. ಹೊತ್ತದೆಯೇ ಇದ್ದರೆ ಮೋಸವಿರಬಹುದು. ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಬೇಕು. ಅದರ ಬುಡದಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ಮುಳುಗಿ ಎದ್ದದ್ದು. ಸ್ಟೆಪ್ನಿ ಇಡುವ ಗುಳಿ, ಸೀಟಿನ ಕೆಳಗಿನ ಕಬ್ಬಿಣ, ದೀಪಗಳ ಒಳಗಿನ ಗಾಜು ಇವೂ ಅದೇ ಕಥೆಯನ್ನು ಹೇಳುತ್ತವೆ. ಕಾಲುವೆಯ ನಾಡಿನಲ್ಲಿ ಮುಳುಗಿದ ಗಾಡಿಗಳು ಹೊಸ ಸಂಗತಿಯೇನಲ್ಲ. ಆದರೆ ದೊಡ್ಡ ನೆರೆಗಳ ಗಾಡಿಗಳು ದೂರದಿಂದಲೂ ಬರುತ್ತವೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಸಾವಿರಾರು ಕಾರುಗಳು ವಿಮಾ ಕಂಪನಿಗಳ ಪಾಲಾಗಿ ಲಿಲಾವಿಗೆ ಬಂದವು. ನೀರು ಕುಡಿದ ವೈರಿಂಗು ಇಂದಲ್ಲ ನಾಳೆ ಕೈಕೊಡುತ್ತದೆ, ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಹೇಳಿ ಬರುವುದಿಲ್ಲ.

ಅಕ್ಕನ ಅತ್ತೆಯವರಿಗೆ ಮಾತ್ರ ಬೇರೆಯೇ ಒಂದು ಚಿಂತೆ ಇತ್ತು. "ಅದರಾಗ ಯಾರರ ಜೀವ ಹೋಗೇತೇನು ನೋಡ್ರೆಪ್ಪಾ" ಎಂದು ಅವರು ನಾವು ಹೊರಡುವಾಗಲೆಲ್ಲ ಹೇಳುತ್ತಿದ್ದರು. ಕಬ್ಬಿಣಕ್ಕೆ ಪಾಪ ಅಂಟುತ್ತದೆಂದು ನಾನು ನಂಬುವವನಲ್ಲ. ಶರಣರ ದಾರಿಯಲ್ಲಿ ನಡೆಯುವವರಿಗೆ ಶಕುನ ಅಪಶಕುನಗಳ ಹಂಗೂ ಬೇಡ. ಆದರೂ ಹಿರಿಯರ ಪ್ರಶ್ನೆಯಲ್ಲಿ ಒಂದು ವಿವೇಕ ಇದ್ದೇ ಇದೆ. ಒಳಗೆ ಕುಳಿತವರ ಜೀವ ಹೋಗುವಷ್ಟು ಪೆಟ್ಟು ತಿಂದ ಗಾಡಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಬಹುದೇ ಎಂದು ಯಾರೂ ಕೇಳಬೇಕಾದದ್ದೇ. ಮೇಸ್ತ್ರಿಗಳ ಮಾತನ್ನೂ ಅತ್ತೆಯವರ ಮಾತನ್ನೂ ಕೂಡಿಸಿ ನೋಡಿದ ಭಾವನವರು ಆ ಬೊಲೆರೋದ ಆಸೆಯನ್ನು ಗಂಗಾವತಿಯಲ್ಲಿಯೇ ಬಿಟ್ಟರು.

ಕುಷ್ಟಗಿಯಲ್ಲಿ ನಮಗಾದದ್ದು ಕಾಗದದ ಪಾಠ. ಚಿತ್ರದುರ್ಗ, ಹೊಸಪೇಟೆಗಳ ಕಡೆಯಿಂದ ಬಂದು ಇಳಕಲ್, ವಿಜಯಪುರಗಳತ್ತ ಸಾಗುವ 50ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಈ ಊರಿದೆ. ಹಗಲಿರುಳೂ ಹೊರರಾಜ್ಯದ ಲಾರಿಗಳು ಓಡಾಡುತ್ತವೆ. ಅದೇ ದಾರಿಯಲ್ಲಿ ಮಹಾರಾಷ್ಟ್ರದ, ದೆಹಲಿಯ ನಂಬರಿನ ಹಳೆಯ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ದೆಹಲಿ ಸೀಮೆಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಅಲ್ಲಿಯ ಡೀಸೆಲ್ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರತೊಡಗಿದವು. ಇವುಗಳನ್ನು ಕೊಳ್ಳಬಾರದೆಂದೇನೂ ಇಲ್ಲ. ಆದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಆಜೀವ ತೆರಿಗೆಯನ್ನು ಕಟ್ಟಬೇಕು, ಕೆಎ ನಂಬರು ಪಡೆಯಬೇಕು. ಈ ಮೂರರ ಖರ್ಚನ್ನು ಕೂಡಿಸದೆ ಅಗ್ಗವೆನ್ನುವಂತಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ನುಚ್ಚುನೂರಾದ ಗಾಡಿಯನ್ನು ಲಿಲಾವಿನಲ್ಲಿ ಕೊಳ್ಳುವವರೆಲ್ಲ ಅದನ್ನು ರಿಪೇರಿ ಮಾಡಿಸುವುದಕ್ಕೇ ಕೊಳ್ಳುವುದಿಲ್ಲ. ಕೆಲವರಿಗೆ ಬೇಕಾದದ್ದು ಅದರ ಆರ್‌ಸಿ ಪುಸ್ತಕ ಮತ್ತು ಚಾಸಿ ನಂಬರಿನ ತುಂಡು ಮಾತ್ರ. ಬೇರೆಲ್ಲಿಯೋ ಕದ್ದ ಅದೇ ಮಾದರಿಯ, ಅದೇ ಬಣ್ಣದ ಗಾಡಿಗೆ ಆ ನಂಬರನ್ನು ಕೆತ್ತಿ, ಸತ್ತ ಗಾಡಿಯ ಹೆಸರಿನಲ್ಲಿ ಕದ್ದ ಗಾಡಿಯನ್ನು ಮಾರುತ್ತಾರೆ. ಇಂಥ ಜಾಲಗಳನ್ನು ದೇಶದ ಅನೇಕ ಕಡೆ ಪೊಲೀಸರು ಭೇದಿಸಿದ್ದಾರೆ. ಪೂರ್ತಿ ನಾಶವಾದ ಗಾಡಿಯ ವಿಷಯವನ್ನು ಮಾಲೀಕನು ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ ನೋಂದಣಿಯನ್ನು ರದ್ದುಪಡಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದು ನಡೆಯದ ಕಡೆಯಲ್ಲೆಲ್ಲ ಈ ಕಳ್ಳರಿಗೆ ಬಾಗಿಲು ತೆರೆದಂತೆಯೇ. ಹೀಗೆ ಕೊಂಡ ಗಾಡಿಯು ಒಂದು ದಿನ ತಪಾಸಣೆಯಲ್ಲಿ ಸಿಕ್ಕರೆ ಹಣವೂ ಹೋಗುತ್ತದೆ, ಗಾಡಿಯೂ ಹೋಗುತ್ತದೆ, ಮನೆಯ ಹಿರಿಯರು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಆದ್ದರಿಂದ ಚಾಸಿಯ ಮೇಲಿನ ನಂಬರನ್ನು ಕೈಯಿಂದ ಸವರಿ, ಕಾಗದವಿಟ್ಟು ಪೆನ್ಸಿಲ್ಲು ತಿಕ್ಕಿ ನೋಡಬೇಕು. ಅಕ್ಷರಗಳ ಸಾಲು ಓರೆಯಾಗಿದ್ದರೆ, ಸುತ್ತಲಿನ ಕಬ್ಬಿಣ ಉಜ್ಜಿದಂತಿದ್ದರೆ, ಆ ಭಾಗಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಹಿಂದೆ ಸರಿಯಬೇಕು. ಗಾಡಿಯ ನಂಬರನ್ನು ಪರಿವಾಹನ ಜಾಲತಾಣದಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ, ಯಾವ ಬ್ಯಾಂಕಿನ ಸಾಲವಿದೆ ಎಂಬುದೆಲ್ಲ ಕಾಣುತ್ತದೆ. ಕದ್ದ ಗಾಡಿಯೋ ಅಲ್ಲವೋ ಎಂಬುದನ್ನು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ ಸಮನ್ವಯ' ಎಂಬ ಸೌಲಭ್ಯ ಇದೆ. ಹತ್ತನೆಯ ತರಗತಿಯ ಹುಡುಗರೂ ಇದನ್ನು ಹತ್ತು ನಿಮಿಷದಲ್ಲಿ ಮಾಡಬಲ್ಲರು. ಲಿಲಾವಿನ ಪಟ್ಟಿಯಲ್ಲಿ ಆರ್‌ಸಿ ಇದೆಯೋ ಇಲ್ಲವೋ ಎಂಬುದನ್ನು ಬರೆದಿರುತ್ತಾರೆ. ಇಲ್ಲ ಎಂದಿದ್ದರೆ ಅದು ಬಿಡಿಭಾಗಗಳಿಗೆ ಮಾತ್ರ ಯೋಗ್ಯ, ರಸ್ತೆಗಲ್ಲ.

ಸತ್ತ ಗಾಡಿಗೆ ತಕ್ಕ ಗತಿಯೂ ನಮ್ಮ ಜಿಲ್ಲೆಗೆ ಅಪರಿಚಿತವಲ್ಲ. ಗಿಣಿಗೇರಿಯಲ್ಲಿ ಉಕ್ಕಿನ ಕಾರ್ಖಾನೆ ಇದೆ. ಬೇವಿನಹಳ್ಳಿಯ ಕಿರ್ಲೋಸ್ಕರ ಫೆರಸ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರು, ಇಂಜಿನ್ನುಗಳ ಬೀಡಿನ ಬ್ಲಾಕುಗಳನ್ನು ಎರಕ ಹೊಯ್ಯುತ್ತಾರೆ. ಕಬ್ಬಿಣ ಕರಗಿ ಮತ್ತೆ ಹುಟ್ಟಬಲ್ಲದು, ಅದಕ್ಕೆ ಬಣ್ಣ ಬಳಿದು ಮತ್ತೆ ರಸ್ತೆಗೆ ಅಟ್ಟಬೇಕಾದ ದರ್ದು ಯಾರಿಗೂ ಇಲ್ಲ.

ಇನ್ನು ಉಳಿದದ್ದು ಬ್ಯಾಂಕಿನವರು ಜಪ್ತು ಮಾಡಿದ ಗಾಡಿ. ಇಟಗಿಯ ಮಹಾದೇವ ದೇವಾಲಯದ ಬಳಿ ಬುತ್ತಿ ಬಿಚ್ಚಿ ಉಂಡು ಊರಿಗೆ ಮರಳುವ ದಾರಿಯಲ್ಲಿ ಭಾವನವರು ಈ ವಿಷಯವನ್ನು ಎತ್ತಿದರು. (ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ನೋಡದವರು ಯಲಬುರ್ಗಾ ಕಡೆಗೆ ಬಂದಾಗ ತಪ್ಪದೆ ನೋಡಬೇಕು.) ಎರೆನೆಲದ ಊರುಗಳಲ್ಲಿ ಎರಡು ವರ್ಷ ಮಳೆ ತಪ್ಪಿದರೆ ಮೊದಲು ನಿಲ್ಲುವುದು ಗಾಡಿಯ ಕಂತು. "ಇನ್ನೊಬ್ಬರ ಮನಿ ಕಣ್ಣೀರು ಬಿದ್ದ ಗಾಡಿ ನಮಗ ಬೇಕೇನ್ರೀ?" ಎಂದು ಅವರು ಕೇಳಿದರು. ನಾನು ತಡವರಿಸಿದೆನೆಂಬುದು ನಿಜ. ಆ ದಿನವಿಡೀ ಅದೇ ಮಾತಾಯಿತು.

ಕೊನೆಗೆ ನಾವು ಕಂಡುಕೊಂಡದ್ದು ಹೀಗೆ. ಲಿಲಾವು ಕೂಗುವ ಹೊತ್ತಿಗೆ ಗಾಡಿ ಹಳೆಯ ಮಾಲೀಕನ ಕೈಬಿಟ್ಟು ಆಗಿರುತ್ತದೆ. ಯಾರೂ ಕೊಳ್ಳದಿದ್ದರೆ ಅವನ ಸಾಲವೇನೂ ತೀರುವುದಿಲ್ಲ. ಬದಲಾಗಿ ಒಳ್ಳೆಯ ಬೆಲೆ ಬಂದಷ್ಟೂ ಅವನ ತಲೆಯ ಮೇಲಿನ ಬಾಕಿ ಇಳಿಯುತ್ತದೆ, ಬಾಕಿ ತೀರಿ ಮಿಕ್ಕಿದ್ದರೆ ಆ ಹಣ ಅವನಿಗೇ ಸಲ್ಲಬೇಕು. ಸಾಲ ವಸೂಲಿಗೆ ಬಲಾತ್ಕಾರದ ದಾರಿ ಹಿಡಿಯಕೂಡದೆಂದು ಸುಪ್ರೀಂ ಕೋರ್ಟು 2007ರಲ್ಲಿ ಎಚ್ಚರಿಸಿದೆ. ಮಾರುವ ಮುಂಚೆ ನೋಟೀಸು ಕೊಟ್ಟು, ಸಾಲಗಾರನಿಗೆ ಹಣ ಕಟ್ಟಿ ಬಿಡಿಸಿಕೊಳ್ಳುವ ಕೊನೆಯ ಅವಕಾಶ ಒದಗಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಈ ಕ್ರಮಗಳು ನಡೆದಿವೆಯೇ ಎಂದು ಕೊಳ್ಳುವವನು ಕೇಳುವುದು ಅಧಿಕಪ್ರಸಂಗವಲ್ಲ. ಕ್ರಮ ತಪ್ಪಿದ್ದರೆ ನಾಳೆ ಹಳೆಯ ಮಾಲೀಕನು ನ್ಯಾಯಾಲಯಕ್ಕೆ ಹೋಗಬಹುದು, ಗಾಡಿ ನಮ್ಮ ಅಂಗಳದಲ್ಲಿಯೇ ಸಿಕ್ಕಿಬೀಳಬಹುದು. ಹಾಗೆಂದು ನೆರೆಯೂರಿನವರ ಗಾಡಿಯನ್ನು ಅರ್ಧ ಬೆಲೆಗೆ ಹೊಡೆಯಲು ಕೂಟ ಕಟ್ಟಿಕೊಂಡು ಸವಾಲನ್ನು ತಡೆಯುವವರೂ ಇದ್ದಾರೆ. ಅದು ಕಾಯಕವಲ್ಲ, ಕಸುಕೊಳ್ಳುವುದು.

ಫೈನಾನ್ಸಿನವರ ಅಂಗಳ ಇದ್ದದ್ದು ಹುಬ್ಬಳ್ಳಿಯ ಕಡೆ. ಲಿಲಾವು ನಡೆಯುವುದು ಈಗ ಮೊಬೈಲಿನಲ್ಲಿ, ಆದರೆ ಗಾಡಿಯನ್ನು ನೋಡಲು ಎರಡು ಮೂರು ದಿನ ಬಿಡುವರು. ಗಂಗಾವತಿಯ ಮೇಸ್ತ್ರಿಗಳಿಗೆ ದಿನಗೂಲಿ, ಬಸ್ ಖರ್ಚು ಕೊಟ್ಟು ಕರೆದೊಯ್ದೆವು. ಈ ಖರ್ಚಿಗೆ ಹಿಂಜರಿಯುವವರು ಲಿಲಾವಿನ ಗೊಡವೆಗೆ ಹೋಗದಿರುವುದೇ ಮೇಲು. ಇಲ್ಲಿ ಎಲ್ಲವೂ 'ಇದ್ದಲ್ಲಿ ಇದ್ದಂತೆ'. ಕೊಂಡ ಮೇಲೆ ದೂರು ಹೇಳುವಂತಿಲ್ಲ, ಹಿಂದಿರುಗಿಸುವಂತಿಲ್ಲ. ಗಾಡಿಯನ್ನು ಓಡಿಸಿ ನೋಡಲು ಬಿಡುವುದಿಲ್ಲ, ಹೆಚ್ಚೆಂದರೆ ಇಂಜಿನ್ನು ಚಾಲು ಮಾಡಿ ತೋರಿಸುತ್ತಾರೆ. ಮುಂಗಡ ಠೇವಣಿ, ಲಿಲಾವಿನವರ ಶುಲ್ಕ, ಅದರ ಮೇಲಿನ ತೆರಿಗೆ, ಹಣ ಕಟ್ಟಲು ಗಡುವು, ಗಡುವು ಮೀರಿದರೆ ದಿನಬಾಡಿಗೆ ಇವೆಲ್ಲ ಷರತ್ತಿನ ಕಾಗದದಲ್ಲಿರುತ್ತವೆ. ಹಳೆಯ ದಂಡ, ತೆರಿಗೆ ಬಾಕಿಗಳು ಯಾರ ತಲೆಗೆ ಎಂಬುದನ್ನೂ ಅದರಲ್ಲಿಯೇ ಹುಡುಕಬೇಕು.

ಭಾವನವರು ಮನೆಯವರೆಲ್ಲರ ಮುಂದೆ ಒಂದು ಮೊತ್ತವನ್ನು ಚೀಟಿಯಲ್ಲಿ ಬರೆದಿಟ್ಟು, ಅದನ್ನು ಒಂದು ರೂಪಾಯಿಯೂ ದಾಟಬಾರದೆಂದು ಅಳಿಯನಿಗೆ ಹೇಳಿದ್ದರು. ಆ ಮೊತ್ತವನ್ನು ಹಾಕಿದ್ದು ಹೊಸ ಗಾಡಿಯ ದರವನ್ನು ಎದುರಿಗಿಟ್ಟುಕೊಂಡು. ನಾಲ್ಕು ಮೀಟರಿನೊಳಗಿನ, 1500 ಸಿಸಿ ಮೀರದ ಡೀಸೆಲ್ ಗಾಡಿಗಳ ಮೇಲಿನ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ಬೊಲೆರೋ ಈ ಅಳತೆಯೊಳಗೆ ಬರುತ್ತದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕಷ್ಟೆ. ಲಿಲಾವಿನಲ್ಲಿ ಎಷ್ಟೋ ಮಂದಿ ಇದನ್ನು ಮರೆತು ಹುರುಪಿನಲ್ಲಿ ಸವಾಲು ಏರಿಸುತ್ತಾರೆ. ಮೊದಲನೆಯ ಗಾಡಿ ಚೀಟಿಯ ಮೊತ್ತವನ್ನು ದಾಟಿ ಬೇರೆಯವರ ಪಾಲಾಯಿತು, ಎರಡನೆಯದೂ ಹೋಯಿತು. ಮೂರನೆಯದು, ಆರು ವರ್ಷದ ಒಂದು ಬೊಲೆರೋ, ಚೀಟಿಯ ಮೊತ್ತಕ್ಕೆ ಸ್ವಲ್ಪ ಕೆಳಗೆ ನಿಂತಿತು.

ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹಳೆಯ ಮಾಲೀಕರ ಕೆಲವು ಕಾಗದಗಳು ಉಳಿದುಹೋಗಿದ್ದವು. ಹೊಲದ ಪಹಣಿ, ಆಸ್ಪತ್ರೆಯ ಚೀಟಿಗಳು, ಮಗಳ ಶಾಲೆಯ ಅಂಕಪಟ್ಟಿ. ಅಕ್ಕನು ಅವನ್ನು ಒಂದು ಪಾಕೀಟಿಗೆ ಹಾಕಿ, ಪಹಣಿಯಲ್ಲಿದ್ದ ಊರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದಳು. ಹದಿನೈದು ದಿನಗಳ ಮೇಲೆ ಆ ಮನೆಯ ಹೆಣ್ಣುಮಗಳು ಫೋನು ಮಾಡಿ, ಅಂಕಪಟ್ಟಿಗಾಗಿ ಹುಡುಕಾಡಿದ್ದೆವೆಂದು ಹೇಳಿ, "ಗಾಡಿ ಚೊಲೋ ಐತ್ರೆವ್ವಾ, ನಾಲ್ಕನೇ ಗೇರು ಸ್ವಲ್ಪ ಬಿಗಿ ಐತಿ, ನೋಡಿಕೊಂಡು ಹಾಕ್ರಿ" ಎಂದರಂತೆ. ಗೇರು ಬಿಗಿಯಾಗಿರುವುದು ನಿಜವೇ.

ಕೊಪ್ಪಳದ ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಹೋದಾಗ ತಿಳಿದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸುತ್ತೇನೆ. ಸಾಮಾನ್ಯ ಮಾರಾಟಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಬಹಿರಂಗ ಹರಾಜಿನಲ್ಲಿ ಕೊಂಡ ಗಾಡಿಗೆ ಬೇಕಾದದ್ದು 32ನೆಯ ನಮೂನೆ. ಗಾಡಿ ಕೈಗೆ ಬಂದ ಮೂವತ್ತು ದಿನಗಳೊಳಗೆ ಅರ್ಜಿ ಕೊಡಬೇಕು. ಸಾಲದ ನಮೂದನ್ನು ತೆಗೆಸಲು 35ನೆಯ ನಮೂನೆಗೆ ಫೈನಾನ್ಸಿನವರ ಸಹಿ ಬೇಕು. ಫೈನಾನ್ಸಿನವರು ಜಪ್ತಿಯ ನಂತರ 36ನೆಯ ನಮೂನೆಯಿಂದ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರೆ ಕೆಲಸ ಹಗುರವಾಗುತ್ತದೆ. ವಿಮೆಯನ್ನು ಹೊಸ ಹೆಸರಿಗೆ ಮಾಡಿಸಲು ಇರುವ ಕಾಲ ಹದಿನಾಲ್ಕೇ ದಿನ. ಹಳೆಯ ಮಾಲೀಕರಿಗೆ ಸಿಗುತ್ತಿದ್ದ ನೋ ಕ್ಲೇಮ್ ರಿಯಾಯಿತಿ ನಮಗೆ ಬರುವುದಿಲ್ಲ. ಟೈರು, ಬ್ಯಾಟರಿ, ಬ್ರೇಕು, ಕ್ಲಚ್ಚು, ಕಾಗದಪತ್ರಗಳೆಲ್ಲ ಸೇರಿ ಸವಾಲಿನ ಹಣದ ಐದನೆಯ ಒಂದು ಪಾಲಿನಷ್ಟು ಹೆಚ್ಚಿಗೆ ಖರ್ಚಾಯಿತು. ಇಷ್ಟನ್ನು ಮೊದಲೇ ತೆಗೆದಿರಿಸಿದ್ದರಿಂದ ಯಾರ ಬಳಿಯೂ ಕೈಗಡ ಕೇಳುವ ಪ್ರಸಂಗ ಬರಲಿಲ್ಲ.

ಹಳೆಯ ಸುಮೋವನ್ನು ಊರಿನ ಒಬ್ಬರು ಬಿಡಿಭಾಗಗಳಿಗೆಂದು ಕೇಳಿದರು. ಬರಿಯ ಚೀಟಿ ಬರೆದು ಕೊಡಲು ಭಾವನವರು ಒಪ್ಪಲಿಲ್ಲ. ಗಾಡಿ ಮಾರಿ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಮುಂದೆ ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಸುಮೋವನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ನಾಶಪಡಿಸಿದ ಪ್ರಮಾಣಪತ್ರ ಪಡೆದು, ನೋಂದಣಿ ರದ್ದಾಗುವವರೆಗೆ ಅದು ಹಿತ್ತಲಿನ ಬಣವೆಯ ಪಕ್ಕದಲ್ಲಿ ನಿಂತಿರುತ್ತದೆ. ಸದ್ಯಕ್ಕೆ ಕೋಳಿಗಳು ಅದರ ಕೆಳಗೆ ನೆರಳು ಮಾಡಿಕೊಂಡಿವೆ.